ಕುಣಿತ ಮತ್ತು ಹೊಟ್ಟೆಪಾಡು

ಜಯನಗರದ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ವಾರಕ್ಕೆರಡು ಸಂಜೆ ಬೆಲ್ಲಿ ಡಾನ್ಸ್ ಕಲಿಸುತ್ತಾರೆ. ಆರು ತಿಂಗಳಿಂದ ನಾನೂ ಹೋಗುತ್ತಿದ್ದೇನೆ. ಸೇರಿದ ವಾರ ಅಮ್ಮ ಫೋನಿನಲ್ಲಿ, "ಯಾವ ಡಾನ್ಸೇ ಅದು, ಭರತನಾಟ್ಯನಾ?" ಎಂದು ಕೇಳಿದಾಗ "ಹೂಂ ಕಣಮ್ಮ" ಎಂದುಬಿಟ್ಟೆ. ಪಿಜಿ ನಡೆಸುವ ಆಂಟಿಗೆ ಹೇಳಿದ್ದು ಫಿಟ್‌ನೆಸ್ ಕ್ಲಾಸ್ ಎಂದು. ಎರಡೂ ಅಂಜಿಕೆಯ ಸುಳ್ಳುಗಳೇ. ಆದರೆ ಅವಕ್ಕೂ ನಾನು ಸಂಶೋಧನೆಗಾಗಿ ಓದುತ್ತಿರುವ ಪುಸ್ತಕಗಳಿಗೂ ಸಂಬಂಧವಿದೆ ಎಂದು ಹೊಳೆಯಲು ತಿಂಗಳುಗಳೇ ಬೇಕಾದವು.

ನನ್ನ ವಿಷಯ ಪ್ರವಾಸ ಕಥನ. ಹಾಗಾಗಿ ಎಡ್ವರ್ಡ್ ಸೈದ್ ಅವರ 'ಓರಿಯೆಂಟಲಿಸಂ' (1978) ಸದಾ ಮೇಜಿನ ಮೇಲಿರುತ್ತದೆ. ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್ 1850ರಲ್ಲಿ ಈಜಿಪ್ಟಿನ ಎಸ್ನಾ ಎಂಬ ಊರಿನಲ್ಲಿ ಕುಚುಕ್ ಹಾನೆಂ ಎಂಬ ನರ್ತಕಿಯನ್ನು ಕಂಡ. ಆಕೆ ತನ್ನ ಬಗ್ಗೆ ತಾನು ಏನನ್ನೂ ಹೇಳುವುದಿಲ್ಲ, ಎಲ್ಲವನ್ನೂ ಅವಳ ಪರವಾಗಿ ಅವನೇ ಹೇಳುತ್ತಾನೆ ಎಂಬುದು ಸೈದ್ ಅವರ ಪ್ರಸಿದ್ಧ ಆಕ್ಷೇಪ. ನಮಗೆ ದಕ್ಕಿರುವ ಆ ಹೆಸರೂ ಹೆಸರಲ್ಲ. ಟರ್ಕಿ ಭಾಷೆಯಲ್ಲಿ ಅದೊಂದು ಸಂಬೋಧನೆ, ನಮ್ಮಲ್ಲಿ 'ಚಿಕ್ಕಮ್ಮಣ್ಣಿ' ಎಂದ ಹಾಗೆ.

ಅದೇ ಸೈದ್ 1990ರಲ್ಲಿ 'ಲಂಡನ್ ರಿವ್ಯೂ ಆಫ್ ಬುಕ್ಸ್' ಪತ್ರಿಕೆಯಲ್ಲಿ ತಹಿಯಾ ಕರಿಯೋಕಾ ಅವರ ಬಗ್ಗೆ ಒಂದು ಪ್ರಬಂಧ ಬರೆದರು. ಕೈರೋದಲ್ಲಿ ಬೆಳೆದ ಅವರು ಹದಿಹರೆಯದಲ್ಲಿ ತಹಿಯಾರ ಕುಣಿತವನ್ನು ಕಂಡವರು. ದಶಕಗಳ ನಂತರ ಹುಡುಕಿಕೊಂಡು ಹೋಗಿ ಮಾತಾಡಿಸುತ್ತಾರೆ, ಆಕೆಯ ಎಡಪಂಥೀಯ ರಾಜಕೀಯವನ್ನು ಗಂಭೀರವಾಗಿ ಕೇಳಿಸಿಕೊಳ್ಳುತ್ತಾರೆ. ಕುಚುಕ್ ಹಾನೆಂಗೆ ಸಿಗದ ಮಾತು ತಹಿಯಾಗೆ ಸಿಕ್ಕಿತಲ್ಲ ಎಂದು ನನಗೆ ಈ ಪ್ರಬಂಧ ಬಹಳ ಇಷ್ಟ.

ಕ್ಲಾಸಿಗೆ ಹೋಗತೊಡಗಿದ ಮೇಲೆ ಅದನ್ನು ಮತ್ತೆ ಓದಿದೆ. ಈ ನೃತ್ಯದ ಹಿರಿಮೆ ಇರುವುದು ಎಷ್ಟು ಚಲಿಸುತ್ತಾರೆ ಎಂಬುದರಲ್ಲಲ್ಲ, ಎಷ್ಟು ಕಡಿಮೆ ಚಲಿಸುತ್ತಾರೆ ಎಂಬುದರಲ್ಲಿ ಎನ್ನುತ್ತಾರೆ ಸೈದ್. ಸರಿಯಾದ ಮಾತು. ಆದರೆ ಇದು ಸಭಿಕರ ಕುರ್ಚಿಯಿಂದ ಕಂಡ ಸತ್ಯ. ಅಲ್ಲಿಂದ ನೋಡಿದರೆ ಆ ನಿಶ್ಚಲತೆ ಒಂದು ರಹಸ್ಯ, ಒಂದು ಮೋಹ. ಕಲಿಯುವವಳಿಗೆ ಅದು ಮಂಡಿನೋವು. ಎದೆ ಅಲುಗಾಡದೆ ಸೊಂಟ ಮಾತ್ರ ನಡುಗಬೇಕಾದರೆ ಎರಡೂ ಮಂಡಿಗಳು ಒಂದರ ಹಿಂದೊಂದು ಬಿಡುವಿಲ್ಲದೆ ಬಾಗಿ ಏಳಬೇಕು. "ದುಂ ತಕ್, ತಕ್ ದುಂ, ತಕ್" ಎಂದು ದರ್ಬುಕಾ ನುಡಿಯುವಾಗ ಕನ್ನಡಿಯಲ್ಲಿ ನಾನು ನೋಡಿದ್ದು ಹೊಟ್ಟೆಯನ್ನೇ, ಅದೂ ಫ್ಲೋಬೇರನ ಕಣ್ಣಿನಿಂದಲೇ. ಟೀಚರ್ ಬಂದು, "ಹೊಟ್ಟೆ ನೋಡ್ಬೇಡಿ, ಕೆಲಸ ಆಗ್ತಿರೋದು ಮಂಡೀಲಿ" ಅಂದರು.

ಹಾಗಾದರೆ ಹೆಸರಿನಲ್ಲಿ ಹೊಟ್ಟೆ ಯಾಕೆ? ಅರಬ್ಬಿಯಲ್ಲಿ ಇದು 'ರಕ್ಸ್ ಶರ್ಕಿ', ಪೂರ್ವದ ನೃತ್ಯ. ಇದರ ಮನೆಯಂಗಳದ ರೂಪ 'ಬಲದಿ', ಅಂದರೆ ನಮ್ಮ ನೆಲದ್ದು. ಹೊಟ್ಟೆಯನ್ನು ಹೆಸರಿಗೆ ತಂದದ್ದು ಫ್ರೆಂಚರು. 1893ರ ಶಿಕಾಗೊ ವಿಶ್ವಮೇಳದ 'ಕೈರೋ ಬೀದಿ' ಪ್ರದರ್ಶನದ ನಂತರ ಅದು ಅಮೆರಿಕದಲ್ಲಿ ಮನೆಮಾತಾಯಿತು. ಅಂದರೆ ಬೆಲ್ಲಿ ಡಾನ್ಸ್ ಎಂಬುದು ನೋಡಿದವರು ಇಟ್ಟ ಹೆಸರು.

ಕನ್ನಡದಲ್ಲಿ ಹೊಟ್ಟೆಗೆ ಅಂಟಿಕೊಂಡ ಇನ್ನೊಂದು ಪದವಿದೆ: ಹೊಟ್ಟೆಪಾಡು. 1834ರಲ್ಲಿ ಈಜಿಪ್ಟಿನ ಆಡಳಿತಗಾರ ಮುಹಮ್ಮದ್ ಅಲಿ ಸಾರ್ವಜನಿಕವಾಗಿ ಕುಣಿಯುವ ಹೆಂಗಸರನ್ನು ಕೈರೋದಿಂದ ಹೊರಹಾಕಿ ದಕ್ಷಿಣದ ಊರುಗಳಿಗೆ ಅಟ್ಟಿದ. ಎಸ್ನಾ ಅಂಥ ಊರುಗಳಲ್ಲೊಂದು. ಫ್ಲೋಬೇರನಿಗೆ ಮಾಯಾಲೋಕದಂತೆ ಕಂಡ ಆ ಊರು ನರ್ತಕಿಯರ ಪಾಲಿಗೆ ಸರ್ಕಾರಿ ಆದೇಶದ ಫಲ. ನನ್ನ ಪ್ರಬಂಧದ ಕರಡಿನಲ್ಲಿ 'ನೋಟ', 'ದೇಹ', 'ಮೌನ' ಎಂಬ ಪದಗಳು ಬೇಕಾದಷ್ಟಿದ್ದವು. ಈ ಆದೇಶದ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಮ್ಮ ಕಡೆಯ ಕಥೆ ದೂರದ್ದೇನಲ್ಲ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಸ್ಥಾನಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಅತ್ತ ಮದ್ರಾಸಿನಲ್ಲಿ 1930ರ ದಶಕದಲ್ಲಿ ಸದಿರ್ ಎಂಬ ಕುಣಿತ ಭರತನಾಟ್ಯವಾಗಿ ಮೇಲ್ಜಾತಿ ಮನೆಗಳ ಹೆಣ್ಣುಮಕ್ಕಳಿಗೆ ಸಲ್ಲುವಂತಾಯಿತು. ಕುಣಿತಕ್ಕೆ ಮರ್ಯಾದೆ ಬಂತು, ಅದನ್ನು ಕಾಪಾಡಿಕೊಂಡು ಬಂದಿದ್ದ ಹೆಂಗಸರಿಗೆ ಬರಲಿಲ್ಲ. ಅಮ್ಮನ ಬಾಯಲ್ಲಿ ತಟ್ಟನೆ ಭರತನಾಟ್ಯ ಬಂದದ್ದೂ, ನಾನು ಹೂಂಗುಟ್ಟಿದ್ದೂ ಈ ಚರಿತ್ರೆಯ ಬಲದಿಂದಲೇ.

ಈ ಚರಿತ್ರೆಯಲ್ಲಿ ಕುರ್ಚಿಯ ಆಚೆಗಿನಿಂದ ಮಾತಾಡಿದವರೂ ಇದ್ದಾರೆ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ದೇವದಾಸಿ ಪರಂಪರೆಯವರು. 1910ರಲ್ಲಿ ಅವರು ಮುದ್ದುಪಳನಿಯ ತೆಲುಗು ಶೃಂಗಾರಕಾವ್ಯ 'ರಾಧಿಕಾ ಸಾಂತ್ವನಮು'ವನ್ನು ಸಂಪಾದಿಸಿ ಪ್ರಕಟಿಸಿದರು. ಗಂಡಸರು ಬರೆದಾಗ ಇಲ್ಲದ ನಾಚಿಕೆ ಹೆಂಗಸು ಬರೆದಾಗ ಯಾಕೆ ಎಂಬುದು ಅವರ ವಾದವಾಗಿತ್ತು. ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಕುಣಿಯುವವರ ಮನೆಯವಳೇ ವಿಮರ್ಶಕಿಯಾದರೆ ಪ್ರಶ್ನೆಗಳು ಹೇಗೆ ಬದಲಾಗುತ್ತವೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ನಾನು ಅವರ ಸಾಲಿನವಳಲ್ಲ. ಫೀಸು ಕಟ್ಟಿ, ಸೊಂಟಕ್ಕೆ ನಾಣ್ಯದ ಪಟ್ಟಿ ಬಿಗಿದು, ಒಂದು ಗಂಟೆ ಕುಣಿದು ಬಸ್ಸು ಹತ್ತುತ್ತೇನೆ. ನನ್ನ ಹೊಟ್ಟೆಪಾಡು ಫೆಲೋಶಿಪ್ಪಿನಲ್ಲಿ ನಡೆಯುತ್ತದೆ. ಕ್ಲಾಸಿನ ಬೋರ್ಡು ತೂಕ ಇಳಿಸುವ, ಆತ್ಮವಿಶ್ವಾಸ ಹೆಚ್ಚಿಸುವ ಮಾತಾಡುತ್ತದೆ. ಅಲ್ಲಿ ನಮಗೆ ಖುಷಿ ಸಿಗುವುದೂ ನಿಜ. ಐವತ್ತು ದಾಟಿದ ಬ್ಯಾಂಕ್ ಉದ್ಯೋಗಿಯೊಬ್ಬರು ಮೊದಲ ಸಲ ತಾಳ ತಪ್ಪದೆ ಸೊಂಟ ತಿರುಗಿಸಿದ ದಿನ ಎಲ್ಲರೂ ಚಪ್ಪಾಳೆ ಹೊಡೆದೆವು. ಆದರೆ ಇದನ್ನು 'ಫಿಟ್‌ನೆಸ್' ಎಂದು ಕರೆದಾಗ ನಾವು ಕುಣಿತವನ್ನು ಇಟ್ಟುಕೊಂಡು ಕುಣಿದವರ ಕಳಂಕವನ್ನು ಅವರಿಗೇ ಬಿಡುತ್ತೇವೆ. ಸದಿರ್‌ಗೆ ಆದದ್ದೂ ಅದೇ.

ಕಳೆದ ಭಾನುವಾರ ಅಮ್ಮನಿಗೆ ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಟ್ಟೆ ತೋರಿಸ್ಕೊಂಡು ಕುಣಿಯೋದಲ್ವೇನೇ ಅದು?" ಅಂದಳು. "ಕೆಲಸ ಎಲ್ಲಾ ಮಂಡೀದು ಕಣಮ್ಮ" ಅಂದೆ. "ನನಗೂ ಮಂಡಿ ನೋವೇ. ನಾನ್ಯಾಕೆ ಕುಣೀತಿಲ್ಲ?" ಎಂದು ಫೋನಿಟ್ಟಳು. ಅದು ಬೈಗುಳವೋ ತಮಾಷೆಯೋ ಇನ್ನೂ ತಿಳಿದಿಲ್ಲ.