ಕಡ್ಡಿಯ ಲೆಕ್ಕ

ನಮ್ಮ ಮನೆಗೆ ಯಾರೇ ನೆಂಟರು ಬರಲಿ, ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವ ಮಾತು ಒಂದೇ: “ಗೋಲ್ಡನ್ ಟೆಂಪಲ್ ಇಲ್ಲಿಂದ ಎಷ್ಟು ದೂರ?” ಬೈಲಕುಪ್ಪೆ ಕಡೆಗೆ ಸೊಸೆಯಾಗಿ ಬಂದ ತಪ್ಪಿಗೆ ನಾಮ್‌ಡ್ರೋಲಿಂಗ್ ಮಠದ ಬಂಗಾರದ ಬುದ್ಧನ ಮುಂದೆ ನಾನು ಎಷ್ಟು ಸಲ ಕೈಮುಗಿದಿದ್ದೇನೋ ಲೆಕ್ಕವಿಲ್ಲ. ಬಂದವರಿಗೆ ಬಸ್ಸಿನ ಅವಸರವಿಲ್ಲದಿದ್ದರೆ ಸೆರಾ ಮಠಕ್ಕೂ ಕರೆದೊಯ್ಯುತ್ತೇನೆ. ಅಲ್ಲಿನ ಅಂಗಳದಲ್ಲಿ ಎಳೆಯ ಭಿಕ್ಷುಗಳು ವಾದ ಮಾಡುವುದನ್ನು ನೋಡಬೇಕು. ಒಬ್ಬ ನೆಲದ ಮೇಲೆ ಕೂತಿರುತ್ತಾನೆ. ಇನ್ನೊಬ್ಬ ಎದುರಿಗೆ ನಿಂತು, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಹೊಡೆದು ಪ್ರಶ್ನೆ ಕೇಳುತ್ತಾನೆ. ಮೊದಲ ಸಲ ನೋಡಿದವರು ಜಗಳವೆಂದೇ ತಿಳಿಯುತ್ತಾರೆ. ಜಗಳವಲ್ಲ, ಅದೇ ಅವರ ಪಾಠ. ನಾವು ಓದಿದ ಶಾಲೆಗಳಲ್ಲಿ ಉತ್ತರ ಹೇಳಬೇಕಾದವಳು ಎದ್ದು ನಿಂತು ನಡುಗುತ್ತಿದ್ದಳು. ಇಲ್ಲಿ ನಿಲ್ಲುವವನು ಪ್ರಶ್ನೆ ಕೇಳುವವನು.

ಪ್ರಶ್ನೆ ಕೇಳುವ ಹಕ್ಕು ಯಾರದು ಎಂಬುದನ್ನು ಈಚೆಗೆ ಒಂದು ಪುಸ್ತಕ ನನಗೆ ಮತ್ತೆ ನೆನಪಿಸಿತು. ಮೈಸೂರಿನಲ್ಲಿ ಬಿ.ಎಡ್. ಓದುತ್ತಿರುವ ತಂಗಿಯ ಮಗಳು ರಜೆಗೆ ಬಂದಾಗ ತಂದಿದ್ದಳು. ಬ್ರೆಜಿಲ್ ದೇಶದ ಪಾವ್ಲೋ ಫ್ರೇರೆ ಬರೆದ ‘ಪೆಡಗಾಜಿ ಆಫ್ ದಿ ಅಪ್ರೆಸ್ಡ್’. ತುಳಿತಕ್ಕೆ ಸಿಕ್ಕವರ ಶಿಕ್ಷಣ ಎನ್ನಬಹುದು. “ಪರೀಕ್ಷೆಗೆ ಇದರ ಮೇಲೆ ಪ್ರಶ್ನೆ ಬಂದೇ ಬರುತ್ತೆ ದೊಡ್ಡಮ್ಮ, ಅರ್ಥ ಮಾತ್ರ ಆಗಲ್ಲ” ಎಂದಳು. ಇಂಗ್ಲಿಷ್ ಎಂದರೆ ನನಗೂ ತಿಣುಕಾಟವೇ. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಮಧ್ಯಾಹ್ನದ ನಿದ್ದೆ ಬಿಟ್ಟು, ಒಂದು ತಿಂಗಳು ಓದಿದೆ.

ಫ್ರೇರೆ 1921ರಲ್ಲಿ ರೆಸಿಫೆ ಎಂಬ ಊರಿನಲ್ಲಿ ಹುಟ್ಟಿದವರು, ಬಾಲ್ಯದಲ್ಲೇ ಹಸಿವು ಕಂಡವರು. 1963ರಲ್ಲಿ ಆಂಜಿಕೋಸ್ ಎಂಬಲ್ಲಿ ಸುಮಾರು 300 ಮಂದಿ ದುಡಿಯುವ ಜನರಿಗೆ 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸುವ ಪ್ರಯೋಗ ನಡೆಸಿದರು. ಆಗ ಬ್ರೆಜಿಲ್‌ನಲ್ಲಿ ಅಕ್ಷರ ಬಾರದವರಿಗೆ ಮತದಾನದ ಹಕ್ಕಿರಲಿಲ್ಲ. ಆದ್ದರಿಂದ ಈ ಪಾಠ ಯಾರ ಯಾರ ನಿದ್ದೆ ಕೆಡಿಸಿರಬಹುದು, ನೀವೇ ಊಹಿಸಿ. 1964ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ಫ್ರೇರೆ ಜೈಲು ಕಂಡರು, ಆಮೇಲೆ ದೇಶ ಬಿಟ್ಟರು. ಈ ಪುಸ್ತಕ ಬರೆದದ್ದು ಚಿಲಿ ದೇಶದಲ್ಲಿ ಆಶ್ರಯ ಪಡೆದಿದ್ದಾಗ. 1970ರಲ್ಲಿ ಇಂಗ್ಲಿಷಿಗೆ ಬಂತು. ಅಂದಿನಿಂದ ಬ್ರೆಜಿಲ್‌ನ ಭೂಹೀನ ಕೂಲಿಕಾರರ ಚಳವಳಿಯೂ ಸೇರಿದಂತೆ ಹಲವು ದೇಶಗಳ ದುಡಿಯುವವರ ಸಂಘಟನೆಗಳಿಗೆ ಇದು ದಾರಿ ತೋರಿಸಿದೆ.

ಪುಸ್ತಕದ ಮುಖ್ಯ ಮಾತು ನಮಗೆ ಹೊಸದೇನಲ್ಲ. ಬ್ಯಾಂಕಿನಲ್ಲಿ ಹಣ ಕಟ್ಟಿದಂತೆ ಮೇಷ್ಟರು ಮಕ್ಕಳ ತಲೆಗೆ ಪಾಠ ತುಂಬುತ್ತಾರೆ. ಪರೀಕ್ಷೆಯ ದಿನ ಅದನ್ನೇ ವಾಪಸು ತೆಗೆಯುತ್ತಾರೆ. ಇದು ಶಿಕ್ಷಣವಲ್ಲ ಎನ್ನುತ್ತಾರೆ ಫ್ರೇರೆ. ಅವರ ಅಕ್ಷರಪಾಠ ಮಾತುಕತೆಯಿಂದ ಶುರುವಾಗುತ್ತಿತ್ತು. ಜನ ದಿನವೂ ಬಳಸುವ ಪದವನ್ನು ಆರಿಸುವುದು, ಉದಾಹರಣೆಗೆ ‘ಇಟ್ಟಿಗೆ’. ಅದರ ಸುತ್ತ ಮಾತಾಡಿ, ಆಮೇಲೆ ಅಕ್ಷರ ಬಿಡಿಸುವುದು. ಇಟ್ಟಿಗೆ ಹೊತ್ತವನು ತನ್ನ ಮನೆಗೆ ಯಾಕೆ ಇಟ್ಟಿಗೆ ಇಲ್ಲ ಎಂದು ಕೇಳಿಕೊಳ್ಳದೆ ಆ ಪಾಠ ಮುಗಿಯುವುದಾದರೂ ಹೇಗೆ?

ಇದನ್ನು ಓದುತ್ತ ನನಗೆ ತೊಂಬತ್ತರ ದಶಕದ ಮೊದಲ ವರ್ಷಗಳು ನೆನಪಾದವು. ಆಗ ಎಲ್ಲೆಲ್ಲೂ ಸಾಕ್ಷರತೆಯ ಮಾತು. ಪಿ.ಯು.ಸಿ. ಓದಿದ ಸೊಸೆ ಎಂದು ನನಗೂ ಒಂದು ಕಟ್ಟು ಪುಸ್ತಕ, ಸ್ಲೇಟು ಬಂದವು. ಸಂಜೆ ನಮ್ಮ ಮನೆಯ ಜಗಲಿಯಲ್ಲೇ ಪಾಠ. ಬರುತ್ತಿದ್ದವರು ಹತ್ತು ಹನ್ನೆರಡು ಹೆಂಗಸರು, ಹೆಚ್ಚಿನವರು ಹಗಲೆಲ್ಲ ನಮ್ಮದೇ ಬ್ಯಾರನ್ ಮುಂದೆ ಕೂತು ಹೊಗೆಸೊಪ್ಪು ಕಟ್ಟಿದವರು. ಪಿರಿಯಾಪಟ್ಟಣ, ಹುಣಸೂರು ಕಡೆಯವರಿಗೆ ಈ ಕೆಲಸ ವಿವರಿಸಬೇಕಿಲ್ಲ. ಗಿಡದಿಂದ ಮುರಿದು ತಂದ ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗೆ ಕಟ್ಟಿ ಕೊಡಬೇಕು. ಬ್ಯಾರನ್ನಿನೊಳಗೆ ಅದನ್ನು ಸಾಲುಸಾಲಾಗಿ ಏರಿಸಿ ಬೆಂಕಿಯ ಕಾವಿನಲ್ಲಿ ಹದ ಮಾಡುತ್ತಾರೆ. ನಮ್ಮಲ್ಲಿ ಕಟ್ಟುವುದು ಹೆಂಗಸರ ಕೆಲಸ, ಕೂಲಿ ಕಡ್ಡಿಯ ಲೆಕ್ಕದಲ್ಲಿ.

ಪುಸ್ತಕದಲ್ಲಿ ‘ಅರಸ’, ‘ಸರ’ ಇದ್ದವು. ಒಂದು ವಾರ ಕಳೆದ ಮೇಲೆ ಅವರಲ್ಲಿ ಹಿರಿಯಳಾದ ಒಬ್ಬಾಕೆ ಕೇಳಿದಳು: “ಅಕ್ಕೋರೆ, ಅರಸನ್ನ ಕಟ್ಕೊಂಡು ನಮಗೇನಾಗ್ಬೇಕು? ಹೊಗೆಸೊಪ್ಪು ಹೆಂಗೆ ಬರೆಯಾದು ಹೇಳಿ.” ಬರೆದು ತೋರಿಸಿದೆ. ಒತ್ತಕ್ಷರ ಕಷ್ಟ, ಆದರೂ ಎಲ್ಲರೂ ಬರೆದರು. ಆಮೇಲೆ ‘ಕಡ್ಡಿ’, ‘ಕೂಲಿ’. ಜೊತೆಗೆ ಪ್ರಶ್ನೆಗಳೂ ಬಂದವು. ಮಳೆಯಲ್ಲಿ ನೆಂದ ಸೊಪ್ಪು ಮುಟ್ಟಿದ ದಿನ ತಲೆ ಸುತ್ತಿ ವಾಂತಿಯಾಗುವುದು ಯಾಕೆ? ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆಂದು ಅಂದು ನನಗೆ ಗೊತ್ತಿರಲಿಲ್ಲ. ದೃಷ್ಟಿಯಾಗಿರಬೇಕು ಎಂದು ನಕ್ಕುಬಿಟ್ಟೆ. ಗಂಡಾಳಿಗೆ ಹೆಚ್ಚು ಕೂಲಿ, ಹೆಣ್ಣಾಳಿಗೆ ಕಡಿಮೆ ಯಾಕೆ? ಅದಕ್ಕೆ ನಗಲೂ ಆಗಲಿಲ್ಲ. ಸಮಾನ ವೇತನದ ಕಾನೂನು 1976ರಲ್ಲೇ ಬಂದಿತ್ತು, ನಮ್ಮ ಜಗಲಿಯ ತನಕ ಬಂದಿರಲಿಲ್ಲ.

ಒಂದು ಶನಿವಾರ ಬಟವಾಡೆಯ ಹೊತ್ತಿಗೆ ಆಕೆ ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದಳು. ಆರು ದಿನದ ಕಡ್ಡಿಗಳ ಲೆಕ್ಕ, ತನ್ನದೇ ಕೈಬರಹ. ನಮ್ಮ ಮಾವನವರ ಪುಸ್ತಕದಲ್ಲಿದ್ದುದಕ್ಕಿಂತ ನಲವತ್ತು ಕಡ್ಡಿ ಹೆಚ್ಚು. ಎಣಿಸಿದರೆ ಆಕೆಯದೇ ಸರಿ. ಮಾವನವರು ಮುಖ ಗಂಟಿಕ್ಕಿಕೊಂಡು ಕೊಟ್ಟರು. ರಾತ್ರಿ ಅತ್ತೆ ನನಗೆ ಬಡಿಸುತ್ತ, “ಓದು ಕಲಿಸು ಅಂದ್ರೆ ಲೆಕ್ಕ ಕಲಿಸಿಬಿಟ್ಟೆಯಲ್ಲಮ್ಮ” ಎಂದರು. ಅದಾದ ಮೇಲೆ ಜಗಲಿಯ ಪಾಠ ನಿಂತಿತು. ಮುಂದಿನ ವರ್ಷ ಸೊಪ್ಪು ಕಟ್ಟಲು ಆಕೆಯನ್ನು ಕರೆಯಲಿಲ್ಲ. ಯಾಕೆ ಕರೆಯಲಿಲ್ಲವೆಂದು ನಾನೂ ಕೇಳಲಿಲ್ಲ.

ಫ್ರೇರೆಯವರ ಮೇಲೆ ನನ್ನ ತಕರಾರು ಇರುವುದು ಇಲ್ಲೇ. ಕಲಿಸುವವರೂ ಕಲಿಯುತ್ತಾರೆ, ಇಬ್ಬರೂ ಸಮಾನರಾಗಿ ಲೋಕವನ್ನು ಓದುತ್ತಾರೆ ಎಂದು ಅವರು ಬರೆಯುತ್ತಾರೆ. ಕೇಳಲು ಚೆಂದ. ಆದರೆ ಕಲಿಸುವವಳು ಉಣ್ಣುವ ಅನ್ನವೇ ಆ ತಪ್ಪು ಲೆಕ್ಕದ ಪುಸ್ತಕದಿಂದ ಬರುತ್ತಿದ್ದರೆ? ಆಕೆಗೆ ಆ ಮನೆಯಲ್ಲಿ ಮಾತಿನ ಹಕ್ಕೇ ಇಲ್ಲದಿದ್ದರೆ? ಅವರ ಪುಸ್ತಕದಲ್ಲಿ ತುಳಿಯುವವರು ಒಂದು ಕಡೆ, ತುಳಿಸಿಕೊಳ್ಳುವವರು ಇನ್ನೊಂದು ಕಡೆ ನಿಲ್ಲುತ್ತಾರೆ. ಒಂದೇ ಹೆಣ್ಣು ಎರಡೂ ಆಗಿರುವ ಮನೆಯ ಒಳಕೋಣೆ ಅಲ್ಲಿ ಕಾಣುವುದಿಲ್ಲ.

ಹೆಣ್ಣೇ ಅಲ್ಲಿ ಕಾಣುವುದಿಲ್ಲವೆನ್ನಿ. ಕಲಿಯುವವನೂ ಕಲಿಸುವವನೂ ಗಂಡಸೇ. ಇದನ್ನು ಎತ್ತಿ ತೋರಿಸಿ ಅಮೆರಿಕದ ಹೆಂಗಸರು ಫ್ರೇರೆಗೆ ಪತ್ರಗಳನ್ನೇ ಬರೆದರು. 1992ರಲ್ಲಿ ಬಂದ ‘ಪೆಡಗಾಜಿ ಆಫ್ ಹೋಪ್’ ಎಂಬ ಪುಸ್ತಕದಲ್ಲಿ ಅವರು ಆ ಪತ್ರಗಳನ್ನು ನೆನೆದು ತಪ್ಪು ಒಪ್ಪಿಕೊಂಡಿದ್ದಾರೆ. ಕಪ್ಪು ಲೇಖಕಿ ಬೆಲ್ ಹುಕ್ಸ್ ಈ ಕೊರತೆಯನ್ನು ಹೇಳಿಯೂ ಅವರ ಋಣವನ್ನು ಮರೆಯಲಿಲ್ಲ. ತನ್ನನ್ನೇ ಪ್ರಶ್ನಿಸುವಂತೆ ಓದುಗರನ್ನು ತಯಾರು ಮಾಡಿತಲ್ಲ, ಅದು ಆ ಪುಸ್ತಕದ ಗೆಲುವು.

ಪುಸ್ತಕ ಬಿಟ್ಟುಹೋದ ಕೋಣೆಯನ್ನು ತುಂಬಲು ನಮ್ಮಲ್ಲೇ ಒಂದು ಪ್ರಯತ್ನ ನಡೆದಿತ್ತು. 1989ರಲ್ಲಿ ಕರ್ನಾಟಕದಲ್ಲಿ ಮಹಿಳಾ ಸಮಾಖ್ಯಾ ಶುರುವಾದಾಗ ಬೀದರ್, ಬಿಜಾಪುರದ ಜೊತೆ ಆರಿಸಿದ ಜಿಲ್ಲೆ ನಮ್ಮ ಮೈಸೂರು. ಅಲ್ಲಿ ಅಕ್ಷರ ಕಲಿಯಲೇಬೇಕೆಂಬ ಕಟ್ಟಳೆ ಇರಲಿಲ್ಲ. ಕೂಲಿ, ನೀರು, ಕುಡಿತ, ಯಾವುದರ ಬಗ್ಗೆ ಮಾತಾಡಬೇಕೆಂದು ಸಂಘದ ಹೆಂಗಸರೇ ತೀರ್ಮಾನಿಸುತ್ತಿದ್ದರು. ಅವರು ಸೇರುತ್ತಿದ್ದುದು ತಮ್ಮದೇ ಜಾಗದಲ್ಲಿ, ಒಡೆಯರ ಜಗಲಿಯಲ್ಲಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು. 2016ರಲ್ಲಿ ಆ ಕಾರ್ಯಕ್ರಮಕ್ಕೆ ಕೇಂದ್ರದ ನೆರವು ನಿಂತಿತು.

ಪ್ರಶ್ನೆ ಮುಗಿಯಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ, ಭವಿಷ್ಯನಿಧಿಯ ಹಣವನ್ನು ಪೂರ್ತಿ ತೆಗೆಯಲು 58 ವರ್ಷ ತುಂಬಬೇಕೆಂಬ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ನಾಯಕರನ್ನೂ ಕಾಯದೆ ರಸ್ತೆಗಿಳಿದರು. ಎರಡು ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ತಮ್ಮ ದುಡ್ಡಿನ ಲೆಕ್ಕ ತಾವೇ ಓದಿಕೊಂಡ ಹೆಂಗಸರು ಅವರು. ಅದೇ ಡಿಸೆಂಬರ್‌ನಲ್ಲಿ ಮುಂಡಗೋಡಿನಲ್ಲಿ 20 ಮಂದಿ ಟಿಬೆಟನ್ ಭಿಕ್ಷುಣಿಯರು ಮೊತ್ತಮೊದಲ ಬಾರಿಗೆ ಗೆಶೆಮಾ ಪದವಿ ಪಡೆದರು. ಅಂಗೈಗೆ ಅಂಗೈ ಹೊಡೆದು ಕೇಳುವ ಆ ವಾದವಿದ್ಯೆಯ ಅತಿ ದೊಡ್ಡ ಪದವಿ ಅಲ್ಲಿಯವರೆಗೆ ಬಹುತೇಕ ಗಂಡಸರ ಸೊತ್ತಾಗಿತ್ತು.

ಇಷ್ಟನ್ನೂ ತಂಗಿಯ ಮಗಳಿಗೆ ಹೇಳಿದೆ. ಪರೀಕ್ಷೆಗೆ ಬರೆದುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಪೆನ್ನು ಕೆಳಗಿಟ್ಟು ಕೇಳಿದಳು: “ಈಗ ನಿಮ್ಮನೇಲಿ ಹೆಂಗಸರಿಗೆ ಎಷ್ಟು ಕೂಲಿ ಕೊಡ್ತೀರಿ ದೊಡ್ಡಮ್ಮ?”

ಈಗಲೂ ಗಂಡಸರಿಗಿಂತ ಕಡಿಮೆಯೇ. ಲೆಕ್ಕದ ಪುಸ್ತಕ ಈಗ ನನ್ನ ಕೈಯಲ್ಲಿದೆ, ಅತ್ತೆ ಮಾವ ಇಲ್ಲ, ನೆಪ ಹೇಳಲು ಯಾರೂ ಉಳಿದಿಲ್ಲ. ಬರುವ ಸೊಪ್ಪಿನ ಕಾಲಕ್ಕೆ ಇಬ್ಬರಿಗೂ ಒಂದೇ ಕೂಲಿ ಎಂದು ಮನೆಯಲ್ಲಿ ಮಾತು ತೆಗೆದಿದ್ದೇನೆ. ಯಜಮಾನರು ಪತ್ರಿಕೆಯಿಂದ ತಲೆ ಎತ್ತಿ ನೋಡಿದರು, ಇನ್ನೂ ಏನೂ ಹೇಳಿಲ್ಲ. ನಾನು ಮಾತ್ರ ಈ ಸಲ ಸುಮ್ಮನಾಗುವವಳಲ್ಲ.