ಅರಣ್ಯದೊಳಗಿನ ಓಟದ ಹಾದಿ: ಒಂದು ವಿಮರ್ಶೆ

ಬಿಜೈಯ ನಮ್ಮ ಮನೆಯಿಂದ ಕದ್ರಿಯ ಕಡೆಗೆ ಬೆಳಗ್ಗೆ ನಡೆದು ಬರುವುದು ಹಲವು ವರ್ಷಗಳಿಂದ ನಾನು ತಪ್ಪಿಸದ ನಿತ್ಯವಿಧಿ. ರಕ್ತದಲ್ಲಿ ಸಕ್ಕರೆಯ ಅಂಶ ಏರಿದೆಯೆಂದು ವೈದ್ಯರು ಎಚ್ಚರಿಸಿದ ಮೇಲೆ ಆರಂಭವಾದ ಈ ನಡಿಗೆ, ಔಷಧಕ್ಕಿಂತ ಹೆಚ್ಚಿನ ಉಪಕಾರವನ್ನು ನನಗೆ ಮಾಡಿದೆ. ಆದುದರಿಂದ ಮುಂದೆ ಬರೆಯುವ ಮಾತುಗಳು ವ್ಯಾಯಾಮದ ವಿರೋಧಿಯ ಮಾತುಗಳಲ್ಲವೆಂದು ಓದುಗರು ಮೊದಲಿಗೇ ತಿಳಿಯಬೇಕಾಗಿ ವಿನಂತಿ.

ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ, ನಡಿಗೆಯ ಗೆಳೆಯರು ಒಂದು ಮನವಿಪತ್ರವನ್ನು ತಂದು ನನ್ನ ಸಹಿ ಕೇಳಿದರು. ನಗರದಂಚಿನ ಒಂದು ಮರಗಾಡಿನ ಒಳಗೂ ಸುತ್ತಲೂ ಓಟದ ಹಾದಿಯನ್ನು ನಿರ್ಮಿಸಬೇಕು, ಮುಂಜಾವಿನಲ್ಲಿ ಅನುಕೂಲವಾಗುವಂತೆ ದೀಪಗಳನ್ನು ಹಾಕಬೇಕು ಎಂಬುದು ಅದರ ಸಾರ. “ಶೆಟ್ರೇ, ನೀವು ಅಹಿಂಸೆಯವರು, ಕಾಡು ಉಳಿಯಲೆಂದು ಬಯಸುವವರು, ಜನ ಕಾಡಿಗೆ ಬಂದರೆ ತಾನೇ ಕಾಡಿನ ಮೇಲೆ ಪ್ರೀತಿ ಹುಟ್ಟುವುದು?” ಎಂದರು. ಒಂದು ವಾರದ ಅವಕಾಶ ಕೇಳಿದೆ. ಆ ವಾರದ ವಿಚಾರವೇ ಈ ಲೇಖನ.

ಗೆಳೆಯರ ಪಕ್ಷವನ್ನು ಮೊದಲು ನ್ಯಾಯವಾಗಿ ಮಂಡಿಸಬೇಕು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಗರದ ರಸ್ತೆಗಳಲ್ಲಿ ವಾಹನಗಳ ಹೊಗೆ, ಕಾಲುದಾರಿಗಳಲ್ಲಿ ಅಂಗಡಿಗಳ ಸಾಮಾನು, ಮುದುಕರು ನಡೆಯುವುದೆಲ್ಲಿ? ಇನ್ನೊಂದು ವಾದವೂ ಹಗುರವಾದುದಲ್ಲ. ಬೆಂಗಳೂರಿನ ದಕ್ಷಿಣದಂಚಿನ ತುರಹಳ್ಳಿ ಅರಣ್ಯದಲ್ಲಿ ವೃಕ್ಷೋದ್ಯಾನವನ್ನು ನಿರ್ಮಿಸುವ ಯೋಜನೆ 2021ರಲ್ಲಿ ಬಂದಾಗ, ಕಾಡು ಕಾಡಾಗಿಯೇ ಇರಲಿ ಎಂದು ಬೀದಿಗಿಳಿದವರಲ್ಲಿ ಅಲ್ಲಿ ನಿತ್ಯ ನಡೆಯುವವರೂ ಸೈಕಲ್ ತುಳಿಯುವವರೂ ಇದ್ದರು. ಕಾಡಿನ ಹಾದಿಯ ಪರಿಚಯವಿದ್ದವರೇ ಕಾಡಿನ ಪರವಾಗಿ ನಿಂತರು. ಈ ಸತ್ಯವನ್ನು ಮರೆಮಾಚಿ ವಾದಿಸುವುದು ಅನೇಕಾಂತದ ಮಾತನಾಡುವ ನಮಗೆ ಶೋಭಿಸದು.

ಆದರೆ ವ್ಯಾಪಾರಿಯಾದ ನನಗೆ ಒಂದು ಅಭ್ಯಾಸವಿದೆ. ಜಮಾ ಪುಟ ಮಾತ್ರ ಇದ್ದು ಖರ್ಚಿನ ಪುಟ ಖಾಲಿಯಿರುವ ಲೆಕ್ಕಪುಸ್ತಕವನ್ನು ನಾನು ನಂಬುವುದಿಲ್ಲ. ಗೆಳೆಯರ ಮನವಿಯಲ್ಲಿ ಮನುಷ್ಯನಿಗಾಗುವ ಲಾಭಗಳೆಲ್ಲ ಇದ್ದವು. ಆ ಲಾಭದ ಬೆಲೆಯನ್ನು ಕೊಡುವವರು ಯಾರೆಂಬುದು ಎಲ್ಲಿಯೂ ಇರಲಿಲ್ಲ.

ಆ ಬೆಲೆ ಕಲ್ಪಿತವಲ್ಲ. ಆಸ್ಟ್ರೇಲಿಯಾದ ಸಿಡ್ನಿಯ ಸಮೀಪದ ಕಾಡುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ನಾಯಿಯನ್ನು ಹಗ್ಗದಲ್ಲಿ ಹಿಡಿದು ನಡೆದ ಮಾತ್ರಕ್ಕೇ ಆ ಹಾದಿಯ ಪಕ್ಷಿಪ್ರಭೇದಗಳಲ್ಲಿ ಶೇಕಡ 35ರಷ್ಟು, ಪಕ್ಷಿಗಳ ಸಂಖ್ಯೆಯಲ್ಲಿ ಶೇಕಡ 41ರಷ್ಟು ಇಳಿಕೆಯಾದುದನ್ನು ಕಂಡಿತು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಜನರಿಗೆ ತೆರೆದ ಮತ್ತು ತೆರೆಯದ ಸಂರಕ್ಷಿತ ಪ್ರದೇಶಗಳನ್ನು ಹೋಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತೆರೆದ ಕಡೆ ಅಲ್ಲಿಯ ಮೂಲವಾಸಿ ಮಾಂಸಾಹಾರಿ ಪ್ರಾಣಿಗಳ ಸಾಂದ್ರತೆ ಸುಮಾರು ಐದನೆಯ ಒಂದು ಪಾಲಿಗೆ ಇಳಿದಿತ್ತು. ಅಲ್ಲಿ ಬಂದೂಕು ಹಿಡಿದವರಾರೂ ಇರಲಿಲ್ಲ. ಸದ್ದಿಲ್ಲದೆ ವಿಹರಿಸಿದ ಸಜ್ಜನರಷ್ಟೇ ಇದ್ದರು.

ಕಾನೂನು ಈ ಸೂಕ್ಷ್ಮವನ್ನು ಸ್ವಲ್ಪಮಟ್ಟಿಗೆ ಗುರುತಿಸಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅಭಯಾರಣ್ಯದ ಪ್ರವೇಶಕ್ಕೆ ನಿರ್ಬಂಧವಿದ್ದು, ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ ಮುಂತಾದ ಗೊತ್ತಾದ ಉದ್ದೇಶಗಳಿಗೆ ಮಾತ್ರ ಅನುಮತಿ ದೊರೆಯುತ್ತದೆ. ಅಮೆರಿಕದ ವನ್ಯಜೀವಿ ಆಶ್ರಯಧಾಮಗಳ 1997ರ ಕಾನೂನು ಇನ್ನೂ ಸ್ಪಷ್ಟ: ಯಾವ ಬಳಕೆಯೇ ಆಗಲಿ, ಆ ಧಾಮ ಯಾವುದಕ್ಕಾಗಿ ಸ್ಥಾಪಿತವಾಯಿತೋ ಅದಕ್ಕೆ ಹೊಂದುತ್ತದೆಯೇ ಎಂದು ಮೊದಲು ನಿರ್ಣಯಿಸಬೇಕು. ಆದ್ಯತೆ ಪಡೆದ ಆರು ಬಳಕೆಗಳಲ್ಲಿ ಓಟ ಸೇರಿಲ್ಲ. ಆದರೆ ಬೇಟೆ ಸೇರಿದೆ! ಕಾನೂನಿನ ವಿವೇಕ ಎಲ್ಲಿಗೆ ಮುಗಿಯುತ್ತದೆ, ಧರ್ಮದ ವಿವೇಕ ಎಲ್ಲಿಂದ ಆರಂಭವಾಗಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಡೆಯುವ ಕ್ರಿಯೆಯನ್ನು ನೀತಿಯ ವಿಷಯವೆಂದು ಎಣಿಸಿದ ಪರಂಪರೆ ನಮ್ಮದು. ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದೇ ಈರ್ಯಾ ಸಮಿತಿ. ಸೂರ್ಯನ ಬೆಳಕಿನಲ್ಲಿ, ನಾಲ್ಕು ಹಸ್ತ ಮುಂದಿನ ನೆಲವನ್ನು ನೋಡುತ್ತ, ಬಂಡಿ, ವಾಹನ, ಜನರು ಹಲವು ಬಾರಿ ಸಂಚರಿಸಿ ಪ್ರಾಸುಕವಾದ ದಾರಿಯಲ್ಲಿ ನಡೆಯಬೇಕು ಎಂಬುದು ಅದರ ಭಾವ. ಗೃಹಸ್ಥನಿಗೆ ಇದು ಮಹಾವ್ರತವಲ್ಲ, ನಿಜ. ಆದರೆ ಗೃಹಸ್ಥನಿಗೆಂದೇ ಹೇಳಿದ ಅನರ್ಥದಂಡವಿರತಿ ಇದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ, ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು, ಗಿಡವನ್ನು ಕಡಿಯುವುದು ಮೊದಲಾದವುಗಳ ಜೊತೆಗೆ, ವ್ಯರ್ಥವಾಗಿ ತಿರುಗಾಡುವುದನ್ನೂ ಇತರರನ್ನು ತಿರುಗಾಡಿಸುವುದನ್ನೂ ಸೇರಿಸಿದ್ದಾರೆ. ಈ ಎರಡನೆಯ ಮಾತು ನನ್ನನ್ನು ತಡೆಯಿತು. ನಾನೊಬ್ಬ ಕಾಡಿನಲ್ಲಿ ನಡೆದರೆ ಅದು ನನ್ನ ತಿರುಗಾಟ; ಹಾದಿ ನಿರ್ಮಿಸಲು ಸಹಿ ಹಾಕಿದರೆ ಮುಂದೆ ಅಲ್ಲಿ ಓಡುವ ಸಾವಿರಾರು ಜನರನ್ನು ತಿರುಗಾಡಿಸುವ ಕಾರ್ಯದಲ್ಲಿ ನಾನೂ ಪಾಲುದಾರ.

ಆರೋಗ್ಯಕ್ಕಾಗಿ ಓಡುವುದು ನಿಷ್ಪ್ರಯೋಜನವೇ ಎಂದು ಕೇಳಬಹುದು. ಖಂಡಿತ ಅಲ್ಲ. ಆದರೆ ಇಲ್ಲಿ ಎರಡು ಪ್ರಯೋಜನಗಳನ್ನು ಬೇರ್ಪಡಿಸಬೇಕು. ದೇಹಕ್ಕೆ ಬೇಕಾದುದು ಓಟ. ಅದು ಮೈದಾನದಲ್ಲಿಯೂ ದೊರೆಯುತ್ತದೆ. ಕಾಡಿನೊಳಗಿನ ಓಟದಿಂದ ಹೆಚ್ಚುವರಿಯಾಗಿ ದೊರೆಯುವುದು ಮನಸ್ಸಿನ ಉಲ್ಲಾಸ. ಅದನ್ನು ನಾನು ತುಚ್ಛವೆನ್ನುವುದಿಲ್ಲ. ಆದರೆ ಆ ಹೆಚ್ಚುವರಿಗಾಗಿಯೇ ಅಲ್ಲಿಯ ಜೀವಿಗಳು ತಮ್ಮ ಠಾವನ್ನು ಬಿಟ್ಟುಕೊಡಬೇಕಾಗುತ್ತದೆ. ಉಲ್ಲಾಸವನ್ನೇ ಬಯಸುವವನು ಅಲ್ಲಿ ನಿಧಾನವಾಗಿ ನಡೆಯಲಿ, ನಿಲ್ಲಲಿ, ಕುಳಿತುಕೊಳ್ಳಲಿ. ಓಡುವವನು ಕಾಡನ್ನು ನೋಡುವುದೂ ಕಡಿಮೆ.

ವೇಗದ ಲೆಕ್ಕವನ್ನೂ ಮಾಡಿ ನೋಡಿದೆ. ನಾಲ್ಕು ಹಸ್ತವೆಂದರೆ ಸುಮಾರು ಆರು ಅಡಿ. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ನಡೆಯುವವನು ಇದನ್ನು ದಾಟಲು ಒಂದೂವರೆ ಸೆಕೆಂಡಿಗಿಂತ ಹೆಚ್ಚು ಕಾಲ ಬೇಕು. ಹೆಜ್ಜೆಯನ್ನು ಬದಲಿಸಲು ಸಮಯವಿದೆ. ಗಂಟೆಗೆ 9 ಕಿಲೋಮೀಟರ್ ಓಡುವವನು ಮುಕ್ಕಾಲು ಸೆಕೆಂಡಿನೊಳಗೆ ದಾಟುತ್ತಾನೆ. ಕಂಡರೂ ಕಾಲನ್ನು ತಡೆಯಲಾರ. ಕಿವಿಯಲ್ಲಿ ಸಂಗೀತದ ತಂತಿಯಿದ್ದು ಮಬ್ಬುಗತ್ತಲೆಯಿದ್ದರೆ ಕಾಣುವುದೂ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಮುರಕಲ್ಲಿನ ಪದವುಗಳಲ್ಲಿ ಮೊದಲ ಮಳೆ ಬಿದ್ದೊಡನೆ ನೆಲವೆಲ್ಲ ಜೀವವಾಗುತ್ತದೆ: ಬಸವನಹುಳು, ಸಹಸ್ರಪದಿ, ಏಡಿ, ಕಪ್ಪೆ. 2018ರಲ್ಲಿ ವಿಜ್ಞಾನಿಗಳು ಮಂಗಳೂರಿನ ಕೈಗಾರಿಕಾ ಪ್ರದೇಶದ ನಡುವೆ ಸುಮಾರು ಎರಡು ಸೆಂಟಿಮೀಟರ್ ಉದ್ದದ ಹೊಸ ಕಪ್ಪೆಯೊಂದನ್ನು ಗುರುತಿಸಿ, ಊರಿನ ಕೊಂಕಣಿ ಹೆಸರಿನಿಂದ ಅದಕ್ಕೆ ‘ಮೈಕ್ರೋಹೈಲಾ ಕೊಡಿಯಾಲ್’ ಎಂದು ಹೆಸರಿಟ್ಟರು. ನಮ್ಮ ಊರಿನ ಹೆಸರನ್ನೇ ಹೊತ್ತ ಜೀವಿ ಅಷ್ಟು ಕಾಲ ನಮ್ಮ ಪಕ್ಕದಲ್ಲೇ ಇದ್ದರೂ ನಮಗೆ ಕಾಣಲಿಲ್ಲ. ಕಾಣದಿರುವುದನ್ನು ತುಳಿಯುವುದು ಸುಲಭ. ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನೆಲೆಸುವುದಕ್ಕೆ ಇದೇ ಕಾರಣ. ಆ ವಾರದಲ್ಲಿಯೇ ಒಂದು ನಸುಕಿನಲ್ಲಿ, ಮಳೆ ನಿಂತ ಮೇಲೆ ಅವಸರದಿಂದ ನಡೆಯುತ್ತಿದ್ದ ನನ್ನ ಪಾದರಕ್ಷೆಯಡಿ ಬಸವನಹುಳುವೊಂದು ಚಿಪ್ಪೊಡೆದ ಸದ್ದು ಕೇಳಿತು. ಅದು ಡಾಮರು ರಸ್ತೆ. ನಾನು ವ್ರತಗಳನ್ನು ಓದಿಕೊಂಡವನು. ಆದರೂ ನೋಡಿರಲಿಲ್ಲ. ಅಂದಿನಿಂದ ಸೂರ್ಯೋದಯದ ನಂತರವೇ ಮನೆಯಿಂದ ಹೊರಡುತ್ತಿದ್ದೇನೆ.

ಹಾಗಾದರೆ ಕಾಡಿಗೆ ಬೇಲಿ ಹಾಕಿ ಮನುಷ್ಯನನ್ನು ಹೊರಗಟ್ಟಬೇಕೇ? ಇಲ್ಲ. ಮನವಿಪತ್ರದ ದೋಷ ‘ಒಳಗೂ ಸುತ್ತಲೂ’ ಎಂದು ಎರಡನ್ನು ಒಂದೇ ಉಸಿರಿನಲ್ಲಿ ಹೇಳಿದುದರಲ್ಲಿದೆ. ಸುತ್ತಲಿನ ಹಾದಿ ಕಾಡಿಗೆ ಗಡಿಯಾಗಬಲ್ಲದು, ಒತ್ತುವರಿಗೆ ತಡೆಯಾಗಬಲ್ಲದು. ಒಳಗಿನ ಹಾದಿ ಕಾಡನ್ನು ಎರಡಾಗಿ ಸೀಳುತ್ತದೆ. ಹೈದರಾಬಾದ್ ನಗರದ ನಡುವಣ ಕೆ.ಬಿ.ಆರ್. ರಾಷ್ಟ್ರೀಯ ಉದ್ಯಾನದಲ್ಲಿ ಒಳಹಾದಿಯೂ ಇದೆ, ಹೊರಸುತ್ತಿನ ಹಾದಿಯೂ ಇದೆ. ನಡೆಯುವವನಿಗೆ ಮರಗಳ ಗಾಳಿ ಎರಡರಲ್ಲಿಯೂ ದೊರೆಯುತ್ತದೆ. ಆದರೆ ನವಿಲಿಗೆ ಎರಡೂ ಒಂದೇ ಅಲ್ಲ.

ವಾರ ಕಳೆದ ಮೇಲೆ ನಾನು ಸಹಿ ಹಾಕದೆ ಪತ್ರವನ್ನು ಹಿಂದಿರುಗಿಸಿದೆ. ಜೊತೆಗೆ ಬೇರೊಂದು ಹಾಳೆಯಲ್ಲಿ ಐದು ಸಲಹೆಗಳನ್ನು ಬರೆದುಕೊಟ್ಟೆ: ಓಟದ ಹಾದಿ ಕಾಡಿನ ಹೊರಸುತ್ತಿನಲ್ಲಿ ಮಾತ್ರ ಇರಲಿ. ಒಳಗೆ ಈಗಾಗಲೇ ಇರುವ ಕಾಲುದಾರಿಯಲ್ಲಿ ನಿಧಾನದ ನಡಿಗೆ ಸಾಕು. ದೀಪ ಬೇಡ, ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಬೆಳಕೇ ಇರಲಿ. ನಾಯಿಗಳಿಗೆ ಪ್ರವೇಶ ಬೇಡ. ಮಳೆಗಾಲದ ನಾಲ್ಕು ತಿಂಗಳು ಒಳದಾರಿ ಮುಚ್ಚಿರಲಿ. ಕೆಲವು ಗೆಳೆಯರು ಬೇಸರಪಟ್ಟರು. ಇಬ್ಬರು ಆ ಹಾಳೆಗೆ ಸಹಿ ಹಾಕಿದರು. ಆ ಮನವಿ ಇನ್ನೂ ಯಾವ ಕಚೇರಿಯನ್ನೂ ತಲುಪಿಲ್ಲ. ನಮ್ಮ ಚರ್ಚೆ ಮುಂದುವರಿದಿದೆ.

ಬಿಜೈಯಿಂದ ಬಹಳ ದೂರವಲ್ಲದ ಪಿಲಿಕುಳಕ್ಕೆ ಮೊಮ್ಮಕ್ಕಳೊಡನೆ ಹೋದಾಗಲೆಲ್ಲ ಆ ಹೆಸರನ್ನು ಅವರಿಗೆ ಬಿಡಿಸಿ ಹೇಳುತ್ತೇನೆ: ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಇದು ಹುಲಿಯ ಕೊಳ. ಇಂದು ಅಲ್ಲಿಯ ಹುಲಿಗಳು ಆವರಣದೊಳಗಿವೆ. ಸ್ವಚ್ಛಂದ ಹುಲಿ ಹೆಸರಿನಲ್ಲಿ ಮಾತ್ರ ಉಳಿದಿದೆ. ಉಳಿದ ಮರಗಾಡುಗಳ ಸಣ್ಣ ಜೀವಿಗಳೂ ಹಾಗೆ ಬರಿಯ ಹೆಸರಾಗಬಾರದೆಂದಿದ್ದರೆ, ನಮ್ಮ ಕಾಲು ಎಲ್ಲಿಗೆ ಹೋಗಬಹುದು ಎಂಬುದರ ಜೊತೆಗೆ ಎಲ್ಲಿ ನಿಲ್ಲಬೇಕು ಎಂಬುದನ್ನೂ ನಾವೇ ನಿಶ್ಚಯಿಸಿಕೊಳ್ಳಬೇಕು. ವ್ರತವೆಂಬ ಮಾತಿಗೆ ನನಗೆ ತಿಳಿದಿರುವ ಅರ್ಥ ಇಷ್ಟೆ.