ಗ್ರಂಥಶೋಧನೆಯೂ ಶೋಧಕನ ಆಯ್ಕೆಯೂ

ಮೈಸೂರು ರಸ್ತೆಯ ಬಾಪೂಜಿ ನಗರಕ್ಕೆ ವಿದ್ವಲ್ಲೋಕದಲ್ಲಿ ವಿಶೇಷ ಪ್ರಸಿದ್ಧಿಯಿಲ್ಲ. ಆದರೆ ಆ ರಸ್ತೆಯಲ್ಲಿ ಒಂದು ಕಡೆಗೆ ಹೋದರೆ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿಯೂ, ಇನ್ನೊಂದು ಕಡೆಗೆ ಹೋದರೆ ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ ಸಿಕ್ಕುವುವು. ಇವೆರಡರ ನಡುವೆ ಮನೆಮಾಡಿಕೊಂಡು ಪ್ರಬಂಧ ಬರೆಯುವ ಸಂಶೋಧಕನಿಗೆ ಅದನ್ನು ಬೆರಳಚ್ಚು ಮಾಡಿಸುವುದು ಸುಲಭ; ಯೋಗ್ಯರಿಂದ ತಿದ್ದಿಸುವುದು ಕಷ್ಟ. ಕರಡು ತಿದ್ದುವುದು ಈಗ ಒಂದು ವೃತ್ತಿಯೇ ಆಗಿರುವುದರಿಂದ, ಆ ವೃತ್ತಿಯವರನ್ನು ಯಾವ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬುದು ವಿಚಾರಾರ್ಹವಾಗಿದೆ.

ಎಷ್ಟು ತಪ್ಪುಗಳನ್ನು ಹಿಡಿದರೆಂದು ಎಲ್ಲರೂ ಕೇಳುವರು. ಎಷ್ಟು ಒಪ್ಪುಗಳನ್ನು ಕೆಡಿಸದೆ ಬಿಟ್ಟರೆಂದು ಕೇಳಬೇಕೆಂಬುದು ನಮ್ಮ ಮತ. ಉಳಿದುಹೋದ ತಪ್ಪನ್ನು ವಾಚಕನು ಕಂಡುಕೊಂಡಾನು. ತಿದ್ದಿ ಕೆಡಿಸಿದ ಒಪ್ಪನ್ನು ಕಾಣುವವರಾರು? ಹಳಗನ್ನಡದ ಉದ್ಧರಣೆಗಳಿರುವ ಗ್ರಂಥದಲ್ಲಿ ಈ ಅಪಾಯವು ಹೆಚ್ಚು. ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಶಬ್ದಗಳನ್ನು ಎಣಿಸಿ ಹೇಳಬೇಕಾಯಿತೆಂದರೆ, ಆಗಲೇ ಅದು ಳಕಾರದೊಡನೆ ಬೆರೆಯತೊಡಗಿತ್ತೆಂದು ಊಹಿಸಬಹುದು. ಆ ಬೆರಕೆಯೇ ಕಾವ್ಯದ ಕಾಲನಿರ್ಣಯಕ್ಕೆ ಒಂದು ಸಾಧನ. ಇಂದಿನ ತಿದ್ದುಗಾರನು ಉತ್ಸಾಹದಿಂದ ಎಲ್ಲವನ್ನೂ ಳಕಾರವಾಗಿಸಿದನೆಂದರೆ, ಪ್ರಾಸವನ್ನು ಆಧಾರವಾಗಿ ಹಿಡಿದ ಸಂಶೋಧಕನ ವಾದಕ್ಕೆ ನೆಲೆಯೇ ಇಲ್ಲದಂತಾಗುವುದು. ಪರೀಕ್ಷಕರು ಆತನನ್ನೇ ಅಜ್ಞನೆನ್ನುವರು.

ಪ್ರಾಚೀನ ಗ್ರಂಥಗಳ ಸಂಪಾದಕರು ಈ ವಿಷಯದಲ್ಲಿ ನಮಗೆ ದಾರಿ ತೋರಿರುವರು. ಕಿಟ್ಟೆಲ್ಲರು 1872ರಲ್ಲಿ ಅದೇ ‘ಶಬ್ದಮಣಿದರ್ಪಣ’ವನ್ನು ಮಂಗಳೂರಿನಲ್ಲಿ ಅಚ್ಚುಮಾಡಿಸಿದಂದಿನಿಂದ ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ‘ವಡ್ಡಾರಾಧನೆ’ಯನ್ನು ಪ್ರಕಟಿಸುವವರೆಗೆ ಈ ಶಾಸ್ತ್ರವು ಬಹಳ ಬೆಳೆಯಿತು. ಅದರ ಮುಖ್ಯ ನಿಯಮವಿಷ್ಟೆ: ಅರ್ಥವಾಗದ ಪಾಠವನ್ನು ಅಳಿಸಬಾರದು, ತನ್ನ ಊಹೆಯನ್ನು ಊಹೆಯೆಂದೇ ಗುರುತಿಸಬೇಕು. ಓಲೆಗರಿಗೆ ಸಲ್ಲುವ ಈ ಮರ್ಯಾದೆಯು ಬದುಕಿರುವ ಲೇಖಕನಿಗೆ ಏಕೆ ಸಲ್ಲಬಾರದು? ಆತನನ್ನಾದರೆ ಕೇಳಿ ತಿಳಿಯಬಹುದಷ್ಟೆ!

ಆದುದರಿಂದ ಕೆಲಸವನ್ನು ಒಪ್ಪಿಸುವ ಮುನ್ನ ನಾಲ್ಕು ಪುಟಗಳನ್ನು ಕೊಟ್ಟು ನೋಡುವುದು ಲೇಸು. ಅವುಗಳಲ್ಲಿ ಒಂದು ಹಳಗನ್ನಡದ ಪದ್ಯವೂ, ಲೇಖಕನು ಬೇಕೆಂದೇ ಬಳಸಿದ ಒಂದು ಪ್ರಾಂತ್ಯ ಪ್ರಯೋಗವೂ ಇರಲಿ. ಪುಟದ ಅಂಚಿನಲ್ಲಿ ಪ್ರಶ್ನೆ ಬರೆದು ಹಿಂದಿರುಗಿಸಿದವರು ಯೋಗ್ಯರು. ಏನೂ ಹೇಳದೆ ನಯಗೊಳಿಸಿ ಕೊಟ್ಟವರಿಗೆ ಪುಟವೊಂದಕ್ಕೆ ಇಷ್ಟೆಂದು ಹಣವನ್ನು ತೆತ್ತು ದೂರವಿರುವುದು ಕ್ಷೇಮ. ವಾದದ ಕ್ರಮವನ್ನು ನೋಡುವ ಸಂಪಾದನೆ ಬೇರೆ, ಅಕ್ಷರವನ್ನು ನೋಡುವ ಕರಡು ತಿದ್ದುವಿಕೆ ಬೇರೆ. ಯಾವುದನ್ನು ಕೊಳ್ಳುತ್ತಿರುವೆವೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪ್ರಬಂಧವನ್ನೇ ಬರೆದುಕೊಡುವೆವೆನ್ನುವವರ ಮಾತು ಇಲ್ಲಿ ಅಪ್ರಕೃತ. ಅದು ತಿದ್ದುವಿಕೆಯೇ ಅಲ್ಲ.

ಗಣಕಯಂತ್ರದಿಂದ ಹೊಸದೊಂದು ತೊಡಕುಂಟಾಗಿದೆ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ಮುಂದೆ ಕೂರುವುದು. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರವು ಮೊದಲು ನಿಲ್ಲುವುದು. ಒಂದರಿಂದ ಇನ್ನೊಂದಕ್ಕೆ ಮಾರ್ಪಡಿಸುವಾಗ ಈ ಕ್ರಮವು ಕೆಟ್ಟರೆ, ಶುದ್ಧವಾಗಿದ್ದ ಪುಟವೂ ಅಶುದ್ಧವಾಗುವುದು. ಆದಕಾರಣ ಮಾರ್ಪಾಟಾದ ಮೇಲೆ ಇನ್ನೊಂದು ಕರಡನ್ನು ಮೂಲದೊಡನೆ ಹೋಲಿಸಿ ಓದುವರೇ ಎಂದು ಕೇಳದೆ ಒಪ್ಪಂದ ಮಾಡಿಕೊಳ್ಳಬಾರದು.

ತಿದ್ದದೆ ಹೊರಬಿದ್ದ ಅಕ್ಷರಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮೇಲೆ ಹೇಳಿದ ೞಕಾರಕ್ಕೆ ಯೂನಿಕೋಡಿನವರು ತಮ್ಮ ಪಟ್ಟಿಯಲ್ಲಿ ‘ಫಾ’ ಎಂಬ ಅಸಂಬದ್ಧ ನಾಮಕರಣವನ್ನು ಮಾಡಿಬಿಟ್ಟರು. ಒಮ್ಮೆ ಪ್ರಕಟವಾದ ಹೆಸರನ್ನು ಬದಲಿಸಕೂಡದೆಂಬುದು ಅವರ ಕಟ್ಟಳೆ. ಹೀಗಾಗಿ ಸರಿಯಾದ ಹೆಸರು ಪಕ್ಕದಲ್ಲಿ ಉಪನಾಮವಾಗಿ ನಿಂತಿದೆ; ತಪ್ಪು ಹೆಸರು ಇಂದಿಗೂ ಪಟ್ಟಿಯಲ್ಲಿದೆ.